ಹವ್ಯಾಸದ ಸೂಜಿ, ಹೊಟ್ಟೆಪಾಡಿನ ಸೂಜಿ

ನಮ್ಮ ಕಡೆ ಮದುವೆ ಮನೆಗಳಲ್ಲಿ ಮುಯ್ಯಿ ಬರೆಯಲು ಒಂದು ಪುಸ್ತಕವಿರುತ್ತದೆ. ಯಾರು ರವಿಕೆ ಕಣ ಕೊಟ್ಟರು, ಯಾರು ಸ್ಟೀಲ್ ಪಾತ್ರೆ ಕೊಟ್ಟರು, ಯಾರು ನೂರಾ ಒಂದು ರೂಪಾಯಿ ಕೊಟ್ಟರು ಎಂಬುದೆಲ್ಲ ಅದರಲ್ಲಿ ದಾಖಲು. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ಪುಸ್ತಕ ತೆಗೆದು ನೋಡಿ, ಅದಕ್ಕೆ ಕಡಿಮೆಯಾಗದಂತೆ ಮುಯ್ಯಿ ತೀರಿಸಬೇಕು. ನಾನು ಕೊಡುವುದು ಸಾಮಾನ್ಯವಾಗಿ ಕೈಯಿಂದ ಮಾಡಿದ್ದು: ಕಸೂತಿ ಹಾಕಿದ ದಿಂಬಿನ ಚೀಲ, ಕ್ರೋಶಾ ಹೆಣೆದ ಟೇಬಲ್ ಬಟ್ಟೆ, ಜೊತೆಗೊಂದು ಶುಭಾಶಯದ ಕಾರ್ಡು. ಬರೆಯಲು ಕೂತವರು ಪೆನ್ನು ಎತ್ತಿ ಹಿಡಿದು, "ಇದನ್ನ ಏನಂತ ಬರೀಲಿ ಮೇಡಂ?" ಎಂದು ನನ್ನನ್ನೇ ಕೇಳುತ್ತಾರೆ. ಕೊನೆಗೆ "ಕೈಕೆಲಸ" ಎಂದು ಬರೆದು, ಮೊಬಲಗಿನ ಜಾಗದಲ್ಲಿ ಒಂದು ಗೆರೆ ಎಳೆಯುತ್ತಾರೆ.

ಆ ಗೆರೆಯ ಅರ್ಥವೇನು? ಬೆಲೆಯಿಲ್ಲದ್ದು ಎಂದೋ, ಬೆಲೆ ಕಟ್ಟಲಾಗದ್ದು ಎಂದೋ? ಬಾಯಲ್ಲಿ ಎಲ್ಲರೂ ಎರಡನೆಯದನ್ನೇ ಹೇಳುತ್ತಾರೆ. "ಇದಕ್ಕೆಲ್ಲ ಬೆಲೆ ಕಟ್ಟೋಕಾಗುತ್ತಾ?" ಎಂಬುದು ಹೆಂಗಸರ ಕೈಕೆಲಸಕ್ಕೆ ಸಿಗುವ ಅತಿ ದೊಡ್ಡ ಹೊಗಳಿಕೆ. ಕೇಳಲು ಹಿತವಾಗಿರುತ್ತದೆ. ಆದರೆ ಬೆಲೆ ಕಟ್ಟಲಾಗದ್ದು ಎಂದು ಯಾವುದನ್ನು ಹೊಗಳುತ್ತೇವೋ ಅದಕ್ಕೆ ಬೆಲೆ ಕೊಡುವ ಪ್ರಮೇಯವೂ ತಪ್ಪುತ್ತದೆ ಎಂಬುದನ್ನು ನೀವು ಗಮನಿಸಿದ್ದೀರಾ?

ಕಾರ್ಡಿನ ವಿಷಯದಲ್ಲಿ ನನಗೆ ಈ ತೊಡಕಿಲ್ಲ. 1980ರ, 90ರ ದಶಕಗಳಲ್ಲಿ ಡಿಸೆಂಬರ್ ಬಂತೆಂದರೆ ಅಂಗಡಿಗಳ ಮುಂದೆ ಗ್ರೀಟಿಂಗ್ ಕಾರ್ಡುಗಳನ್ನು ತೂಗುಹಾಕುತ್ತಿದ್ದರು. ಹೊಸ ವರ್ಷಕ್ಕೂ ಸಂಕ್ರಾಂತಿಗೂ ಅಂಚೆಯಣ್ಣನ ಚೀಲ ತುಂಬಿ ತುಳುಕುತ್ತಿತ್ತು. ಮೊಬೈಲ್ ಬಂದ ಮೇಲೆ ಆ ವ್ಯಾಪಾರ ಹೆಚ್ಚುಕಡಿಮೆ ನಿಂತೇಹೋಯಿತು. ನಾನು ಮಾಡುವ ಕಾರ್ಡು ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದ್ದು. ಹರಿದ ಸೀರೆಯ ಜರಿ ಅಂಚು, ಉಲ್ಲನ್ ದಾರದ ಚೂರು, ಪುಸ್ತಕದ ಮಧ್ಯೆ ಒಣಗಿಸಿದ ಬೇವಿನೆಲೆ ಅಂಟಿಸಿದ್ದು. ಅದನ್ನು ಕೊಡುವುದರಿಂದ ಚಳ್ಳಕೆರೆಯಲ್ಲಿ ಯಾರ ಅಂಗಡಿಯ ಗಲ್ಲಾಪೆಟ್ಟಿಗೆಯೂ ಹಗುರವಾಗುವುದಿಲ್ಲ. ಪಡೆದವರು ತಿರುಗಿ ಕೊಡಬೇಕೆಂದೂ ಇಲ್ಲ. ಹಾಗೆ ನೋಡಿದರೆ ತಿರುಗಿ ಕೊಡಲಾರದವರಿಗೆ ಕೊಡುವುದರಲ್ಲಿ ಒಂದು ಬಗೆಯ ಸುಖವಿದೆ. ನಮ್ಮ ಬಸ್ಸಿನ ಹಾದಿಯಲ್ಲೇ ಸಿಗುವ ತಳುಕು, ಟಿ.ಎಸ್. ವೆಂಕಣ್ಣಯ್ಯನವರ ಊರು. ಅವರು ತೀರಿಕೊಂಡದ್ದು 1939ರಲ್ಲಿ. ಹತ್ತು ವರ್ಷಗಳ ನಂತರ 'ಶ್ರೀ ರಾಮಾಯಣ ದರ್ಶನಂ' ಹೊರಬಂದಾಗ ಕುವೆಂಪು ಅದನ್ನು ಅರ್ಪಿಸಿದ್ದು ಆ ಗುರುಗಳಿಗೇ. ಯಾವ ಮುಯ್ಯಿ ಪುಸ್ತಕದಲ್ಲಿ ಬರೆಯುವುದು ಅದನ್ನು? ಮಹಾಕಾವ್ಯದ ಪಕ್ಕದಲ್ಲಿ ನನ್ನ ಲಗ್ನಪತ್ರಿಕೆಯ ಕಾರ್ಡನ್ನು ಇಟ್ಟದ್ದಕ್ಕೆ ನಗಬೇಡಿ. ತಳುಕು ದಾಟುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ಅಷ್ಟೇ.

ತೊಡಕು ಶುರುವಾಗುವುದು ಕುಚ್ಚಿನಿಂದ.

ಮೊಳಕಾಲ್ಮೂರು ರೇಷ್ಮೆ ಸೀರೆ ಮಗ್ಗದಿಂದ ಇಳಿದಾಗ ಸೆರಗಿನ ತುದಿಯಲ್ಲಿ ಹಾಸಿನ ಎಳೆಗಳು ಬಿಡಿಯಾಗಿ ನೇತಾಡುತ್ತಿರುತ್ತವೆ. ಹಾಗೇ ಬಿಟ್ಟರೆ ಸೆರಗು ಬಿಚ್ಚಿಕೊಳ್ಳುತ್ತದೆ. ನಮ್ಮ ಅಜ್ಜಿಯರು ಆ ಎಳೆಗಳನ್ನೇ ಹೊಸೆದು ಗಂಟು ಹಾಕಿಕೊಳ್ಳುತ್ತಿದ್ದರು, ಮುಗಿಯಿತು. ಈಗ ಕುಚ್ಚು ಎಂದರೆ ಸೀರೆಯಷ್ಟೇ ಸಂಭ್ರಮ. ಒಡಲಿನ ಬಣ್ಣ, ಅಂಚಿನ ಬಣ್ಣ ಎರಡಕ್ಕೂ ಹೊಂದುವ ರೇಷ್ಮೆ ದಾರ ಬೇಕು, ಮಣಿ ಬೇಕು, ಕ್ರೋಶಾ ಕಡ್ಡಿಯಲ್ಲಿ ಕಮಾನು ಹೆಣೆದು ಅದರಿಂದ ಗೊಂಡೆ ಇಳಿಬಿಡಬೇಕು. ಸಾದಾ ಕುಚ್ಚಾದರೆ ಎರಡು ಗಂಟೆ. ಕ್ರೋಶಾ ಆದರೆ ಅಡುಗೆ, ನೀರು, ಮಕ್ಕಳ ನಡುವೆ ಎರಡು ಮೂರು ದಿನ. ನಮ್ಮಲ್ಲಿ ಸಾದಾ ಕುಚ್ಚಿಗೆ 200, 300 ರೂಪಾಯಿ ಕೊಡುತ್ತಾರೆ. ಹೆಣಿಗೆ, ಮಣಿ ಹೆಚ್ಚಿದಂತೆ ಸಾವಿರದ ಮೇಲೂ ಹೋಗುತ್ತದೆ. ದಾರ, ಮಣಿಯ ಖರ್ಚು ಕಳೆದು ಗಂಟೆಗೆ ಇಷ್ಟು ಎಂದು ಲೆಕ್ಕ ಹಾಕಿ ನೋಡಿ, ಶೇಂಗಾ ಬಿಡಿಸುವ ಕೂಲಿಗಿಂತ ಬಹಳ ಹೆಚ್ಚೇನೂ ಬೀಳುವುದಿಲ್ಲ. ಆದರೂ ಮನೆಯ ಹೊಸ್ತಿಲು ದಾಟದೆ ಆಗುವ ಕೆಲಸವೆಂದು ನಮ್ಮ ಬೀದಿಬೀದಿಯಲ್ಲೂ ಒಬ್ಬಿಬ್ಬರು ಇದನ್ನು ನೆಚ್ಚಿಕೊಂಡಿದ್ದಾರೆ. ಗಂಡ ತೀರಿಕೊಂಡವರು, ಗಂಡ ಇದ್ದೂ ಇಲ್ಲದಂಥವರು, ಮಗಳ ಕಾಲೇಜು ಫೀಸು ಹೊಂದಿಸುವವರು.

ನನಗೂ ಕುಚ್ಚು ಹಾಕಲು ಚೆನ್ನಾಗಿ ಬರುತ್ತದೆ. ನನ್ನ ಸೀರೆಗೆ ನಾನೇ ಹಾಕಿಕೊಳ್ಳುತ್ತೇನೆ. ಅದನ್ನು ನೋಡಿದ ಸಹೋದ್ಯೋಗಿಯೊಬ್ಬರು ಸ್ಟಾಫ್‌ರೂಮಿನಲ್ಲಿ, "ಹೆಂಗೂ ಹವ್ಯಾಸಕ್ಕೆ ಮಾಡ್ತೀರಲ್ಲ ಮೇಡಂ, ನಮ್ಮ ಹುಡುಗಿ ಮದುವೆ ಸೀರೆ ಐದಕ್ಕೂ ನೀವೇ ಒಂದೊಂದು ಹಾಕಿಕೊಡಿ" ಎಂದರು. ಆಗುವುದಿಲ್ಲ ಎಂದೆ. ಯಾರ ಬಳಿ ಹಾಕಿಸಬಹುದು ಎಂದು ಒಂದು ಮನೆಯನ್ನೂ ಹೇಳಿದೆ. ಅವರ ಮುಖ ಸಪ್ಪಗಾಯಿತು. "ಕಾರ್ಡು ಊರಿಗೆಲ್ಲ ಹಂಚ್ತೀರಿ, ಪ್ರೀತಿಯಿಂದ ಕೇಳಿದ್ರೆ ಕುಚ್ಚಿಗೆ ಲೆಕ್ಕ ಹಾಕ್ತೀರಲ್ಲ!"

ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಪ್ರೀತಿಯಿಂದ ಮಾಡಿಕೊಡುವ ಕೆಲಸಕ್ಕೂ ಪೇಟೆಯ ದರಕ್ಕೂ ಏನು ಸಂಬಂಧ? ಹಾಗೆ ಹೊರಟರೆ ಹೋಟೆಲಿನವರಿಗೆ ನಷ್ಟವೆಂದು ನೆಂಟರಿಗೆ ಊಟ ಹಾಕಬಾರದೇ? ಈ ಪ್ರಶ್ನೆಯನ್ನು ನನ್ನ ಮಗನೇ ಕೇಳಿದ. ಮನೆಗೆ ಬಂದವರು ನಾವು ಊಟ ಹಾಕದಿದ್ದರೆ ಹೋಟೆಲಿಗೇ ಹೋಗುತ್ತಿದ್ದರು ಎಂದೇನಿಲ್ಲ. ಅದೂ ಅಲ್ಲದೆ ಊಟದಲ್ಲಿ ಜೊತೆಗೆ ಕೂರುವುದೇ ಮುಖ್ಯ. ಕುಚ್ಚಿನ ವಿಷಯ ಹಾಗಲ್ಲ. ನಾನು ಒಲ್ಲೆನೆಂದರೆ ಆ ಐದು ಸೀರೆ ಇನ್ನೊಬ್ಬಳ ಮನೆಗೆ ಹೋಗುತ್ತದೆ, ಅವಳ ಆ ತಿಂಗಳ ದಿನಸಿಯಾಗುತ್ತದೆ. ನಾನು ಒಪ್ಪಿದರೆ ಆ ದುಡ್ಡು ಅನುಕೂಲಸ್ಥರ ಕಿಸೆಯಲ್ಲೇ ಉಳಿಯುತ್ತದೆ. ಹಾಗಾಗಿ ಯಾರಾದರೂ ಕೇಳಿದಾಗ ನಾನು ಹಾಕಿಕೊಳ್ಳುವ ಪ್ರಶ್ನೆ ಒಂದೇ: ನಾನು ಮಾಡದಿದ್ದರೆ ಇವರು ಯಾರಿಗಾದರೂ ದುಡ್ಡು ಕೊಟ್ಟು ಮಾಡಿಸುತ್ತಿದ್ದರೇ? ಶಾಲೆಯಲ್ಲಿ ಅಡುಗೆ ಮಾಡುವಾಕೆಯ ಮಗಳ ಧಾರೆ ಸೀರೆಗೆ ನಾನು ಕ್ರೋಶಾ ಕುಚ್ಚನ್ನೇ ಹಾಕಿಕೊಟ್ಟೆ. ಅದಕ್ಕೆ ಸಾವಿರ ರೂಪಾಯಿ ಕೊಡುವ ಮಾತು ಅವರ ಮನೆಯಲ್ಲಿ ಹುಟ್ಟುವಂತೆಯೇ ಇರಲಿಲ್ಲ.

ಇನ್ನೊಂದು ಮಾತೂ ಇದೆ. ಪುಕ್ಕಟೆ ಮಾಡುವವಳಿಗೆ ಏನೂ ಸಿಗುವುದಿಲ್ಲ ಎಂಬುದು ನಿಜವಲ್ಲ. "ಎಷ್ಟು ಚೆನ್ನಾಗಿ ಮಾಡ್ತೀರಿ" ಎಂಬ ಮಾತು ಸಿಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ತಡೆದು ಕೇಳಿದ ಕಥೆ ನಮ್ಮ ಜಿಲ್ಲೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ತಿಂಗಳ ಸಂಬಳ ಬರುವ ನನ್ನಂಥವಳಿಗೆ ಈ ಹೊಗಳಿಕೆ ಆ ಹೆಚ್ಚಿನ ಅಕ್ಕಿಯಿದ್ದಂತೆ. ಬೇರೆಯವರ ಮಡಿಲಿಗೆ ಬೀಳಬೇಕಾದ ಕಾಳುಗಳೂ ಅದರಲ್ಲಿ ಸೇರಿರುತ್ತವೆ.

ಹವ್ಯಾಸ ಎಂಬ ಮಾತಿನ ಮೇಲೆ ನನಗೆ ಅನುಮಾನ ಬಂದದ್ದು ಮೊಳಕಾಲ್ಮೂರಿನಲ್ಲಿ ಮಕ್ಕಳ ದಾಖಲಾತಿ ಅರ್ಜಿ ತುಂಬುವಾಗ. ತಂದೆಯ ಉದ್ಯೋಗ: ನೇಕಾರಿಕೆ. ತಾಯಿಯ ಉದ್ಯೋಗ: ಗೃಹಿಣಿ. ನೇಕಾರರ ಮನೆಗಳಿಗೆ ಹೋಗಿ ನೋಡಿ. ಗಂಡ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ಲಾಳಿ ಎಸೆಯುತ್ತಿದ್ದರೆ, ಆ ಲಾಳಿಯೊಳಗಿನ ಕಂಡಿಕೆಯನ್ನು ಬೆಳಗಿನಿಂದ ರಾಟೆಯಲ್ಲಿ ಸುತ್ತುತ್ತಿರುವವಳು ಹೆಂಡತಿ, ಇಲ್ಲವೇ ಅತ್ತೆ. ಕಡಿದ ಎಳೆ ಜೋಡಿಸುವುದು, ದಾರ ಬಿಡಿಸುವುದು, ಎಲ್ಲದಕ್ಕೂ ಅವರ ಕೈ ಬೇಕು. ಕೂಲಿ ಬರುವುದು ಸೀರೆಗೆ ಇಷ್ಟು ಎಂದು, ಎಣಿಸಿಕೊಳ್ಳುವುದು ನೇಯ್ದವನು. "ಮನೆಯವರು ಸ್ವಲ್ಪ ಸಹಾಯ ಮಾಡ್ತಾರೆ" ಎನ್ನುತ್ತಾರೆ. ಚಳ್ಳಕೆರೆ ಸುತ್ತಿನ ಕಂಬಳಿಯ ಕಥೆಯೂ ಬೇರೆಯಲ್ಲ. ಉಣ್ಣೆ ಬಿಡಿಸಿ ನೂಲು ತೆಗೆಯುವುದು ಹೆಂಗಸರು. ಹುಣಸೆಬೀಜದ ಗಂಜಿ ಬಳಿದ ನೂಲು ಮಗ್ಗ ಏರಿ ಕಂಬಳಿಯಾದ ಮೇಲೆ ಹೆಸರು ನೇಯ್ದವನದು. 2011ರಲ್ಲಿ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ನಮಗೆಲ್ಲ ಹೆಮ್ಮೆಯಾಯಿತು. ಊರಿನ ಹೆಸರಿಗೆ ಕಾನೂನಿನ ಕಾವಲು ಸಿಕ್ಕಿತು. ಕಂಡಿಕೆ ಸುತ್ತಿದ ಕೈಗೆ ಹೆಸರು ಸಿಗುವುದು ಇನ್ನೂ ಬಾಕಿಯಿದೆ.

ಮೊಳಕಾಲ್ಮೂರಿನಲ್ಲಿ "ಸಹಾಯ", ಚಳ್ಳಕೆರೆಯಲ್ಲಿ "ಹವ್ಯಾಸ". ಎರಡೂ ಒಂದೇ ಮನೆಯ ಅಕ್ಕತಂಗಿಯರು. ಉದ್ಯೋಗದ ಪಟ್ಟಿಯಿಂದ ಹೆಂಗಸಿನ ಕೈಯನ್ನು ಮೆಲ್ಲಗೆ ಹೊರಗಿಡುವ ಮಾತುಗಳು.

ಗಾಂಧೀಜಿ ಈ ಗಂಟನ್ನು ಬಿಡಿಸಲು ನೋಡಿದ ಬಗೆ ನನಗೆ ಬಹಳ ಇಷ್ಟ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಅವರೇ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ, ಸದಸ್ಯತ್ವದ ಚಂದಾ ನಾಲ್ಕಾಣೆಯ ಬದಲು ತಿಂಗಳಿಗೆ 2000 ಗಜ ನೂಲು ಎಂದು ತೀರ್ಮಾನಿಸಿತು. ವಕೀಲರಾಗಲಿ ಜಮೀನ್ದಾರರಾಗಲಿ ನೂಲಿನ ಅಳತೆ ಒಂದೇ. ನೂಲಲು ಒಲ್ಲದವರು ಬೇರೆಯವರು ನೂತದ್ದನ್ನು ಕೊಂಡು ಕೊಡಬಹುದೆಂಬ ದಾರಿಯೂ ಅದರಲ್ಲಿತ್ತು. ಮರುವರ್ಷವೇ ಆ ನಿಯಮ ಸಡಿಲವಾಯಿತು, ಇರಲಿ. ನನ್ನ ಮಾತಿಗೆ ಬೇಕಾದದ್ದು 1935ರ ಸಂಗತಿ. ಹೊಟ್ಟೆಪಾಡಿಗೆ ನೂಲುವ ಹಳ್ಳಿಯ ಹೆಂಗಸರಿಗೆ ಸಿಗುತ್ತಿದ್ದ ಕೂಲಿ ತೀರಾ ಕಡಿಮೆಯೆಂದು ಗಾಂಧೀಜಿ ಹಟ ಹಿಡಿದರು. ಅವರ ಬದುಕು ನಡೆಯುವಷ್ಟು ಕೂಲಿ ಕೊಡಬೇಕೆಂಬ ನೀತಿಯನ್ನು ಅಖಿಲ ಭಾರತ ಚರಕಾ ಸಂಘ ಒಪ್ಪಿಕೊಂಡಿತು. ಖಾದಿ ದುಬಾರಿಯಾಗುತ್ತದೆ, ಕೊಳ್ಳುವವರು ಹಿಂಜರಿಯುತ್ತಾರೆ ಎಂಬ ಆತಂಕ ಸಂಘದ ಒಳಗೇ ಇತ್ತು. ತಾವು ಸ್ವತಃ ದಿನವೂ ಪುಕ್ಕಟೆ ನೂಲುತ್ತಿದ್ದವರು ಗಾಂಧೀಜಿ. ನಾನೇ ಪುಕ್ಕಟೆ ನೂಲುತ್ತೇನಲ್ಲ, ನಿಮಗೇಕೆ ಕೂಲಿ ಎಂದು ಅವರು ಕೇಳಲಿಲ್ಲ. ಯಜ್ಞದ ನೂಲು ಬೇರೆ, ಅನ್ನದ ನೂಲು ಬೇರೆ ಎಂಬುದು ಅವರಿಗೆ ಸ್ಪಷ್ಟವಿತ್ತು.

ಹಾಗಾದರೆ ಹವ್ಯಾಸದವಳು ಹಂಚಬಹುದಾದದ್ದು ಏನು? ವಸ್ತುವಿಗಿಂತ ವಿದ್ಯೆಯನ್ನು ಹಂಚುವುದು ಮೇಲು ಎಂದು ನಾನು ನಂಬಿದ್ದೆ, ಈಗಲೂ ಮುಕ್ಕಾಲು ಪಾಲು ನಂಬುತ್ತೇನೆ. ನನಗೆ ಕಸೂತಿ ಕಲಿಸಿದ್ದು ಧಾರವಾಡದ ಕಡೆಯಿಂದ ಬಂದ ಚಿಕ್ಕಮ್ಮ. ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂಬ ನಾಲ್ಕು ಹೊಲಿಗೆ. ಎಳೆ ಎಣಿಸಿ ಹಾಕಬೇಕು, ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡು ಮಗ್ಗುಲೂ ಒಂದೇ ಆಗಿ ಕಾಣಬೇಕು. ಇದನ್ನು ಶನಿವಾರ ಮಧ್ಯಾಹ್ನ ಹುಡುಗಿಯರಿಗೆ ಕಲಿಸುತ್ತೇನೆ, ಕುಚ್ಚನ್ನೂ ಕಲಿಸುತ್ತೇನೆ. ಸಂಡೂರಿನಲ್ಲಿ ಲಂಬಾಣಿ ಹೆಂಗಸರು ತಮ್ಮ ಉಡುಪಿಗೆಂದು ಹಾಕಿಕೊಳ್ಳುತ್ತಿದ್ದ ಕಸೂತಿ, ಅಲ್ಲಿನ ಕುಶಲ ಕಲಾ ಕೇಂದ್ರದ ಮೂಲಕ ಅವರಿಗೆ ಸಂಪಾದನೆಯ ದಾರಿಯಾದದ್ದು ನಮ್ಮ ನೆರೆಯಲ್ಲೇ ಇರುವ ಉದಾಹರಣೆ. ಕೈಯಲ್ಲಿ ವಿದ್ಯೆಯಿದ್ದರೆ ಎಂದಾದರೂ ಆಸರೆಯಾದೀತು ಎಂಬುದು ನನ್ನ ಲೆಕ್ಕ.

ಆ ಲೆಕ್ಕಕ್ಕೆ ಎದುರಾಡಿದವರು ಕುಚ್ಚು ಹಾಕುವ ಆ ಮನೆಯವರೇ. "ಎಲ್ಲರಿಗೂ ಕಲಿಸಿಬಿಟ್ರೆ ನಮ್ಮ ಹತ್ರ ಯಾರು ಬರ್ತಾರೆ ಟೀಚರಮ್ಮ?" ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಹೊಲಿಗೆ ಎಂಬುದು ಭಾಷೆಯಿದ್ದಂತೆ, ಯಾರೊಬ್ಬರ ಸ್ವತ್ತೂ ಅಲ್ಲ ಎಂದೆ. ಅವರು ತಲೆಯಾಡಿಸಿದರು, ಒಪ್ಪಿದ್ದಕ್ಕೋ, ಟೀಚರಮ್ಮ ಹೇಳಿದರೆಂಬ ಮರ್ಯಾದೆಗೋ ತಿಳಿಯಲಿಲ್ಲ. ಆದರೆ ಅಂದಿನಿಂದ ಒಂದು ಮಿತಿ ಇಟ್ಟುಕೊಂಡಿದ್ದೇನೆ. ಹೊಲಿಗೆ ಕಲಿಸುತ್ತೇನೆ, ಅವರು ಕಟ್ಟಿದ ಹೊಸ ವಿನ್ಯಾಸವನ್ನು ಬಿಡಿಸಿ ತೋರಿಸುವುದಿಲ್ಲ. ಮೊಳಕಾಲ್ಮೂರಿನಲ್ಲಿ ಜಕಾರ್ಡಿಗೆ ತೂತು ಹೊಡೆದ ಕಾರ್ಡುಗಳ ಮಾಲೆ ತೂಗುಹಾಕಿರುತ್ತಾರಲ್ಲ, ಸೀರೆಯ ಬುಟ್ಟಾ, ನವಿಲು ಎಲ್ಲ ಆ ತೂತುಗಳಲ್ಲೇ ಅಡಗಿರುವುದು. ಅದನ್ನು ಮಾಡಿಸಲು ದುಡ್ಡು ಹಾಕಿದವರ ಸೀರೆಯನ್ನು ಯಾರೋ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದರೆ ಪವರ್‌ಲೂಮಿನಲ್ಲಿ ಅಂಥದೇ ಅಗ್ಗದ ಸೀರೆ ಇಳಿಯುತ್ತದೆ. ಕೆಲವು ಬಗೆಯ ಸೀರೆಗಳು ಕೈಮಗ್ಗಕ್ಕೇ ಮೀಸಲೆಂದು 1985ರ ಕಾಯ್ದೆಯಿದ್ದರೂ ಇದು ನಡೆದೇ ಇದೆ. "ನೋಡಿ ಕಲಿತೆ" ಎಂಬುದಕ್ಕೂ "ನೋಡಿ ಕಿತ್ತುಕೊಂಡೆ" ಎಂಬುದಕ್ಕೂ ನಡುವಿನ ಗೆರೆ ಕಸೂತಿಯ ಎಳೆಯಷ್ಟೇ ಸಣ್ಣದು.

ಸಹೋದ್ಯೋಗಿಯ ಐದು ಸೀರೆ ಕೊನೆಗೆ ಆ ಮನೆಗೇ ಹೋದವು. ಮದುವೆಯಲ್ಲಿ ಕುಚ್ಚನ್ನು ಎಲ್ಲರೂ ಮೆಚ್ಚಿದರು. ಹಾಕಿದವರ ವಿಳಾಸವನ್ನು ಸಹೋದ್ಯೋಗಿಯೇ ನಾಲ್ಕು ಜನಕ್ಕೆ ಹೇಳಿದರಂತೆ. ನನ್ನ ಮೇಲಿನ ಮುನಿಸು ಪೂರ್ತಿ ಇಳಿದಂತಿಲ್ಲ. ಮದುವೆಗೆ ನಾನು ಮಾಡಿಕೊಟ್ಟ ಕಾರ್ಡನ್ನು ಮಾತ್ರ ಷೋಕೇಸಿನಲ್ಲಿ ಇಟ್ಟಿದ್ದಾರೆ.

ಇದಾಗಿ ತಿಂಗಳೊಪ್ಪತ್ತಿನಲ್ಲಿ ಕುಚ್ಚು ಹಾಕುವಾಕೆ ನಮ್ಮ ಮನೆಗೆ ಬಂದರು. ಮಗಳು ಪಿಯುಸಿ ಪಾಸಾಗಿದ್ದಳು, ಅವಳಿಗೊಂದು ಕಾರ್ಡು ಬೇಕಿತ್ತು. ಸಂತೋಷದಿಂದ ಮಾಡಿಕೊಡುತ್ತೇನೆ ಎಂದೆ. "ಎಷ್ಟಾಗುತ್ತೆ?" ಎಂದರು. ದುಡ್ಡೇನೂ ಬೇಡ ಎಂದರೆ ಕೇಳಲಿಲ್ಲ. "ನಿಮ್ಮದೂ ಕೆಲಸ ತಾನೇ ಟೀಚರಮ್ಮ? ಅವತ್ತು ನೀವೇ ಹೇಳಿದ್ರಿ." ನಾನು ಕೂತು ಲೆಕ್ಕ ಹಾಕಿದೆ. ಒಂದೂವರೆ ಗಂಟೆ ಕೆಲಸ, ಜರಿ ಚೂರು ನನ್ನದೇ, ಅಂಟು, ಬಣ್ಣದ ಕಾಗದ. ಐವತ್ತು ರೂಪಾಯಿ ಎಂದೆ. ಅವರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಚೌಕಾಸಿ ಮಾಡಿ ಮೂವತ್ತಕ್ಕೆ ಇಳಿಸಿದರು.