ಪ್ರತಿಕೃತಿಯ ಸತ್ಯ

ದೊಡ್ಡದನ್ನು ಚಿಕ್ಕದಾಗಿ ಮಾಡಿ ಕಣ್ಣೆದುರಿಗೆ ಇಟ್ಟುಕೊಳ್ಳಬೇಕೆಂಬುದು ಮನುಷ್ಯನ ಬಹು ಹಳೆಯ ಆಸೆಗಳಲ್ಲಿ ಒಂದು. ಬೇಲೂರಿನ ಚೆನ್ನಕೇಶವ ದೇವಾಲಯದ ಮೆಟ್ಟಿಲುಗಳ ಇಕ್ಕೆಲಗಳಲ್ಲಿ ಶಿಖರಸಹಿತವಾದ ಕಿರುಗುಡಿಗಳು ನಿಂತಿರುವುವು. ದೇವಾಲಯವನ್ನು ಕಟ್ಟಿದವರೇ ಅದರ ಬಾಗಿಲಲ್ಲಿ ದೇವಾಲಯದ ಪ್ರತಿಕೃತಿಯನ್ನೂ ಕಟ್ಟಿದರು. ನವರಾತ್ರಿಯಲ್ಲಿ ಮೈಸೂರು ಸೀಮೆಯ ಮನೆಗಳಲ್ಲಿ ಗೊಂಬೆಗಳನ್ನು ಇಡುವಾಗ ಅರಮನೆಯೂ ಅಂಗಡಿಯೂ ಮದುವೆಯ ಮೆರವಣಿಗೆಯೂ ಒಂದು ಹಲಗೆಯ ಮೇಲೆ ಅಡಗುವುವು. ಈ ಆಸೆಯೇ ಈಚೆಗೆ ಇನ್ನೊಂದು ರೂಪವನ್ನು ತಾಳಿದೆ. ಹಬೆಯ ರೈಲು ಎಂಜಿನ್ನುಗಳು ನಿತ್ಯದ ಓಡಾಟದಿಂದ ಬಹುಮಟ್ಟಿಗೆ ಸರಿದುಹೋದ ಮೇಲೆ, ಅವನ್ನು ಅಂಗಳದಲ್ಲಿ ಓಡಿಸತಕ್ಕ ಗಾತ್ರದಲ್ಲಿ ಮತ್ತೆ ಕಟ್ಟುವವರು ಹಲವು ದೇಶಗಳಲ್ಲಿ ಇದ್ದಾರೆ. ಹಿತ್ತಾಳೆಯ ತಗಡು, ತಾಮ್ರದ ಕೊಳವೆ, ಅರ, ಬೆಸುಗೆ, ಚಿಕ್ಕದೊಂದು ಲೇತು, ಇವುಗಳೊಡನೆ ಅವರು ವರ್ಷಗಟ್ಟಲೆ ದುಡಿಯುವರು. ಇದು ಹೊರನೋಟಕ್ಕೆ ಬರಿಯ ಹವ್ಯಾಸ. ಆದರೆ ಒಳಹೊಕ್ಕು ನೋಡಿದರೆ ಇದರಲ್ಲೊಂದು ಧರ್ಮಸೂಕ್ಷ್ಮವಿದೆ. ಅನುಕರಿಸುವವನು ಸತ್ಯಕ್ಕೆ ಎಷ್ಟರಮಟ್ಟಿಗೆ ಬದ್ಧನು?

ಪ್ರಶ್ನೆಯು ಗಾಳಿಯಲ್ಲಿ ನಿಲ್ಲದಂತೆ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ವಸ್ತಾರೆಯ ಕಡೆಯ ಒಂದು ಕಾಫಿ ತೋಟದ ಮನೆ. ಆಷಾಢದ ಮಳೆ ಹಿಡಿದು ಬಿಡದೆ ಸುರಿಯುತ್ತಿದೆ. ಆ ಮನೆಯ ಯಜಮಾನನು ಜಗಲಿಯ ಮೂಲೆಯಲ್ಲಿ ಕುಳಿತು, ಹೊರದೇಶದಿಂದ ತರಿಸಿದ ಕಾರ್ಖಾನೆಯ ಕಿರು ಎಂಜಿನ್ನೊಂದನ್ನು ಬಿಚ್ಚುತ್ತಿದ್ದಾನೆ. ಅದರ ಚಿಮಣಿಯನ್ನು ಕತ್ತರಿಸಿ, ಚಾಲಕನ ಗೂಡನ್ನು ಹೊಸದಾಗಿ ಮಾಡಿ, ನೀರಿನ ತೊಟ್ಟಿಗಳನ್ನು ಬದಲಿಸಿ, ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಹೋಗುತ್ತಿದ್ದ ಎರಡಡಿ ಅಗಲದ ಟ್ರಾಮಿನ ಎಂಜಿನ್ನಿನಂತೆ ಅದನ್ನು ಮಾರ್ಪಡಿಸುವುದು ಅವನ ಉದ್ದೇಶ. ಕೆಲಸ ಮುಗಿದ ಮೇಲೆ ಅಂಗಳದ ಸುತ್ತ ಕಂಬಿಯನ್ನು ಹಾಸಿ, ಒಂದು ಕೊನೆಯಲ್ಲಿ ‘ಕಡೂರು’ ಎಂದೂ ಇನ್ನೊಂದು ಕೊನೆಯಲ್ಲಿ ‘ವಸ್ತಾರೆ’ ಎಂದೂ ಫಲಕಗಳನ್ನು ನೆಟ್ಟಿದ್ದಾನೆ. ಬೇಸಗೆಯ ರಜೆಗೆ ಬಂದ ಮೊಮ್ಮಗಳು ಅದನ್ನು ಕಂಡು, “ಅಜ್ಜಯ್ಯ, ಈ ರೈಲು ನಮ್ಮೂರಿಗೆ ಬರುತ್ತಿತ್ತೇ?” ಎಂದು ಕೇಳುತ್ತಾಳೆ.

ಬರುತ್ತಿರಲಿಲ್ಲ. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ಮೀಟರ್‌ಗೇಜ್ ದಾರಿಯು 1889ರ ಹೊತ್ತಿಗೆ ಕಡೂರು ಬೀರೂರುಗಳನ್ನು ಹಾದು ಮುಗಿದಿತ್ತು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಕವಲು ಒಡೆಯಿತು. ಆದರೆ ಜಿಲ್ಲೆಯ ಮುಖ್ಯಪಟ್ಟಣವಾದ ಚಿಕ್ಕಮಗಳೂರಿಗೆ ರೈಲು ಬಂದುದು 2013ರ ನವೆಂಬರಿನಲ್ಲಿ. ಅದೂ ಕಡೂರಿನಿಂದ ಸುಮಾರು 46 ಕಿಲೋಮೀಟರಿನ ಬ್ರಾಡ್‌ಗೇಜ್ ದಾರಿಯಾಗಿ. ಕಡೂರಿನಿಂದ ವಸ್ತಾರೆಗೆ ಎರಡಡಿಯ ಕಂಬಿಯನ್ನು ಯಾರೂ ಹಾಸಲಿಲ್ಲ. ಹಾಗಿದ್ದಮೇಲೆ ಆ ಫಲಕದ ಮೇಲಿನ ಹೆಸರು ಸುಳ್ಳೇ? ಅಜ್ಜನು ಮಗುವಿಗೆ ಏನೆಂದು ಉತ್ತರಿಸಬೇಕು?

ಇಲ್ಲಿ ಪೂರ್ವಪಕ್ಷವೊಂದು ಎದ್ದು ನಿಲ್ಲುವುದು. ಆಟದಲ್ಲಿ ಸತ್ಯವೆಲ್ಲಿ, ಅಸತ್ಯವೆಲ್ಲಿ? ಮಗು ಕೋಲನ್ನು ಕುದುರೆಯೆಂದರೆ ಅದನ್ನು ಯಾರೂ ಸುಳ್ಳುಗಾತಿಯೆಂದು ಗದರಿಸುವುದಿಲ್ಲ; ಆಟಿಕೆಯ ವಿಷಯದಲ್ಲಿ ಧರ್ಮವಿಚಾರವು ಸೊಳ್ಳೆಯ ಮೇಲೆ ಬಿಲ್ಲೆತ್ತಿದಂತೆ, ಎಂದು ಹೇಳುವವರುಂಟು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಕೋಲುಕುದುರೆಯ ಪಕ್ಕದಲ್ಲಿ ನಿಜವಾದ ಕುದುರೆಯು ಬೀದಿಯಲ್ಲಿ ಹೋಗುತ್ತಿರುವುದರಿಂದ ಯಾರಿಗೂ ಮೋಸವಾಗುವುದಿಲ್ಲ. ತರೀಕೆರೆಯ ಟ್ರಾಮಿನ ಕಂಬಿಗಳು ಇಂದಿಲ್ಲ. ಬೆಂಗಳೂರು–ಹರಿಹರದ ಮೀಟರ್‌ಗೇಜ್ ದಾರಿಯೂ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗಿ ಮಾರ್ಪಟ್ಟಿತು. 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಂತಹ ಕೆಲವು ಸ್ಥಳಗಳಲ್ಲಿ ಅಳಿದುಳಿದ ಎಂಜಿನ್ನುಗಳು ನಿಂತಿವೆ. ಉಳಿದವು ಕರಗಿ ಬೇರೆ ಕಬ್ಬಿಣವಾದುವು. ಮೂಲವು ಇರುವವರೆಗೆ ಪ್ರತಿಕೃತಿಯು ಆಟಿಕೆ. ಮೂಲವು ಅಳಿದಮೇಲೆ ಅದು ಸಾಕ್ಷಿ. ಸಾಕ್ಷಿಯಾದವನಿಗೆ ಸತ್ಯದ ಹೊಣೆ ತಪ್ಪದು.

ಹೊಣೆಯೆಂದಾಗ ಮೊದಲು ನೆನಪಿಗೆ ಬರುವುದು ಅಳತೆ. ಅಡಿಗೆ 16 ಮಿಲಿಮೀಟರಿನಂತೆ, ಎಂದರೆ ಹತ್ತೊಂಬತ್ತರಲ್ಲಿ ಒಂದು ಪಾಲಿನಂತೆ ಕುಗ್ಗಿಸಿದರೆ, ಎರಡಡಿಯ ದಾರಿಯು ಸರಿಯಾಗಿ 32 ಮಿಲಿಮೀಟರಿನ ಕಂಬಿಯ ಮೇಲೆ ಕೂಡುವುದು. ಮೀಟರ್‌ಗೇಜಿನ ಎಂಜಿನ್ನನ್ನು ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲಾಗಿ ಮಾಡಿದರೆ 44.4 ಮಿಲಿಮೀಟರು; ಅದಕ್ಕೆ 45 ಮಿಲಿಮೀಟರಿನ ಕಂಬಿ ಒಪ್ಪುವುದು. 1968ರಲ್ಲಿ ಜರ್ಮನಿಯ ಲೇಮನ್ ಸಂಸ್ಥೆಯವರು ಅಂಗಳದ ರೈಲನ್ನು ಮಾರಾಟಕ್ಕೆ ತಂದುದು ಈ ಲೆಕ್ಕದಲ್ಲಿಯೇ. ಯೂರೋಪಿನ 1435 ಮಿಲಿಮೀಟರಿನ ದಾರಿಯನ್ನು ಮೂವತ್ತೆರಡರಲ್ಲಿ ಒಂದು ಪಾಲು ಮಾಡಿದರೂ ಅದೇ 45 ಮಿಲಿಮೀಟರು ಬರುವುದು. ತೊಡಕು ಹುಟ್ಟುವುದು ಭಾರತದ ಬ್ರಾಡ್‌ಗೇಜಿನಲ್ಲಿ. 1676 ಮಿಲಿಮೀಟರನ್ನು ಅದೇ ಪಾಲಿನಲ್ಲಿ ಕುಗ್ಗಿಸಿದರೆ 52 ಮಿಲಿಮೀಟರಿಗೂ ಮಿಗುವುದು. ಅಂಗಡಿಯಲ್ಲಿ ದೊರೆಯುವ 45 ಮಿಲಿಮೀಟರಿನ ಕಂಬಿಯ ಮೇಲೆ ಅದನ್ನು ಓಡಿಸುವವನು, ಅಗಲವಾದ ಒಡಲನ್ನು ಇಕ್ಕಟ್ಟಾದ ಕಾಲುಗಳ ಮೇಲೆ ನಿಲ್ಲಿಸಿದಂತಾಗುವುದು. ಏಳು ಮಿಲಿಮೀಟರಿನ ಈ ಕೊರತೆಯನ್ನು ನೋಡುವವರು ಗುರುತಿಸಲಾರರು, ಮಾಡಿದವನು ಮರೆಯಲಾರನು.

ಹಾಗಾದರೆ ಎಲ್ಲವನ್ನೂ ಒಂದೇ ಪಾಲಿನಲ್ಲಿ ಕುಗ್ಗಿಸುವುದೇ ಸತ್ಯವೇ? ಪ್ರಕೃತಿಯು ಇದಕ್ಕೆ ಒಪ್ಪುವುದಿಲ್ಲ. ಉದ್ದವು ಹತ್ತೊಂಬತ್ತರಲ್ಲಿ ಒಂದು ಪಾಲಾದರೆ ಮೈಯ ಹರವು ಮುನ್ನೂರ ಅರುವತ್ತೊಂದರಲ್ಲಿ ಒಂದು ಪಾಲಾಗುವುದು. ಗಾತ್ರವೂ ತೂಕವೂ ಆರು ಸಾವಿರದ ಎಂಟುನೂರ ಐವತ್ತೊಂಬತ್ತರಲ್ಲಿ ಒಂದು ಪಾಲಿಗೆ ಇಳಿಯುವುವು. ಹತ್ತು ಟನ್ನಿನ ಎಂಜಿನ್ನು ಸುಮಾರು ಒಂದೂವರೆ ಕಿಲೋಗ್ರಾಮಿನದಾಗಿ ಬಿಡುವುದು. ಅದು ಕಂಬಿಯ ಮೇಲೆ ಹಿಡಿತವಿಲ್ಲದೆ ಜಾರದಂತೆ ಹೊಟ್ಟೆಯೊಳಗೆ ಸೀಸವನ್ನು ತುಂಬುವುದುಂಟು. ಬಾಯ್ಲರಿನ ಒಳಗಿನ ನೀರು ಮೈಯ ಹರವಿಗಿಂತ ಹತ್ತೊಂಬತ್ತು ಪಾಲು ಹೆಚ್ಚಾಗಿ ಕುಗ್ಗಿರುವುದರಿಂದ ಶಾಖವು ಬೇಗನೆ ಸೋರಿಹೋಗುವುದು. ಹಬೆಯ ಕಣವಾಗಲಿ ಬೆಂಕಿಯ ನಾಲಗೆಯಾಗಲಿ ಮನುಷ್ಯನ ಲೆಕ್ಕಕ್ಕಾಗಿ ಚಿಕ್ಕದಾಗುವುದಿಲ್ಲ. ಆದುದರಿಂದ ಹೊರಗಿನ ಅಳತೆಯನ್ನು ಒಳಗೆಲ್ಲ ಜಪಿಸಿದವನ ಎಂಜಿನ್ನು ನೋಡಲು ಚೆಂದವಾಗಿ ನಿಂತಲ್ಲಿಯೇ ನಿಲ್ಲುವುದು.

1898ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆಯಲ್ಲಿ 1920ರ ದಶಕದಲ್ಲಿ ಇದೇ ವಿಷಯವಾಗಿ ದೊಡ್ಡ ವಾಗ್ವಾದ ನಡೆಯಿತು. ‘ಎಲ್.ಬಿ.ಎಸ್.ಸಿ.’ ಎಂಬ ಸಂಕೇತನಾಮದಿಂದ ಬರೆಯುತ್ತಿದ್ದ ಲಾರೆನ್ಸ್ ಎಂಬಾತನು, ಕಿರಿದಾದ ಬಾಯ್ಲರಿನಲ್ಲಿಯೂ ಕಲ್ಲಿದ್ದಲನ್ನು ಉರಿಸಿ ಮನುಷ್ಯನನ್ನು ಎಳೆಯಬಹುದೆಂದು ಮಾಡಿಯೇ ತೋರಿಸಿದನು. ಅದಕ್ಕಾಗಿ ಒಳಗಿನ ಕೊಳವೆಗಳ ಎಣಿಕೆಯನ್ನೂ ಗಾತ್ರವನ್ನೂ ಮೂಲಕ್ಕಿಂತ ಬೇರೆಯಾಗಿ ಇಡಬೇಕಾಯಿತು. ಆಕಾರದಲ್ಲಿ ಮೂಲವನ್ನು ಬಿಟ್ಟುದರಿಂದಲೇ ಅವನು ಕ್ರಿಯೆಯಲ್ಲಿ ಮೂಲವನ್ನು ಮುಟ್ಟಿದನು. ಇದರ ಎದುರಿಗೆ, ಹಬೆಯ ಎಂಜಿನ್ನಿನ ವೇಷವನ್ನು ತೊಟ್ಟು ಒಳಗೆ ವಿದ್ಯುತ್ತಿನ ಮೋಟರಿನಿಂದ ಓಡುವ ಪ್ರತಿಕೃತಿಯು ಮೊಳೆಮೊಳೆಯಲ್ಲಿಯೂ ಮೂಲದಂತೆ ತೋರಬಹುದು. ಎರಡರಲ್ಲಿ ಯಾವುದು ಹೆಚ್ಚು ಸತ್ಯ? ಒಂದು ರೂಪಕ್ಕೆ ನಿಷ್ಠೆಯುಳ್ಳದ್ದು, ಇನ್ನೊಂದು ಕ್ರಿಯೆಗೆ. ತಾನು ಯಾವ ನಿಷ್ಠೆಯನ್ನು ಕೈಗೊಂಡೆನೆಂಬುದನ್ನು ಅರಿತಿರುವವನು ಯಾವುದನ್ನು ಮಾಡಿದರೂ ದೋಷವಿಲ್ಲ. ಒಂದನ್ನು ಮಾಡಿ ಇನ್ನೊಂದೆಂದು ಹೇಳುವಲ್ಲಿ ದೋಷ ಹುಟ್ಟುವುದು.

ಒಂದು ಕಡೆಯಲ್ಲಿ ಮಾತ್ರ ಆಯ್ಕೆಗೆ ಅವಕಾಶವಿಲ್ಲ. ಕಿರು ಎಂಜಿನ್ನಿನಲ್ಲಿಯೂ ಹಬೆಯು ಹಬೆಯೇ. ಚದರ ಅಂಗುಲಕ್ಕೆ 40 ಪೌಂಡಿನ ಒತ್ತಡದಲ್ಲಿ ಕೆಲಸ ಮಾಡಬೇಕಾದ ಹೊಸ ಬಾಯ್ಲರನ್ನು ಅದರ ಇಮ್ಮಡಿ ಒತ್ತಡದಲ್ಲಿ ತಣ್ಣೀರಿನಿಂದ ಪರೀಕ್ಷಿಸುವುದು ಬಲ್ಲವರ ಪದ್ಧತಿ. ನೀರು ಅದುಮಿದರೂ ಕುಗ್ಗದ ವಸ್ತುವಾದುದರಿಂದ ಬೆಸುಗೆ ಬಿಟ್ಟರೆ ತೊಟ್ಟಿಕ್ಕುವುದೇ ಹೊರತು ಸಿಡಿಯುವುದಿಲ್ಲ. ಅಳತೆಗೆ ಸಣ್ಣದಾಗಬೇಕೆಂದು ತಗಡನ್ನು ತೆಳ್ಳಗೆ ಮಾಡುವುದಾಗಲಿ, ಅಂದಕ್ಕೆ ಅಡ್ಡಿಯೆಂದು ಸುರಕ್ಷತೆಯ ಕವಾಟವನ್ನು ಕಿರಿದುಗೊಳಿಸುವುದಾಗಲಿ ಸತ್ಯನಿಷ್ಠೆಯಲ್ಲ, ಹಟ. ಅಂಗಳದಲ್ಲಿ ಬಗ್ಗಿ ನೋಡುವ ಮಗುವಿನ ಕಣ್ಣು ಹತ್ತೊಂಬತ್ತರಲ್ಲಿ ಒಂದು ಪಾಲಿನದಲ್ಲ.

ಇನ್ನು ಮಾರ್ಪಾಟಿನ ಪ್ರಶ್ನೆ. ಕಾರ್ಖಾನೆಯವರು ಯೋಚಿಸಿ ಮಾಡಿದ ವಸ್ತುವನ್ನು ಕೊಯ್ದು ಬೇರೊಂದಾಗಿ ಮಾಡುವ ಅಧಿಕಾರವು ಕೊಂಡವನಿಗುಂಟೇ? ಕೊಯ್ದಮೇಲೆ ಅದು ಯಾರ ಕೃತಿ? ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನನು ಯವನರಾಜನನ್ನು ರಥದ ವಿಷಯವಾಗಿ ಪ್ರಶ್ನಿಸುವನು. ಗಾಲಿಯು ರಥವೇ, ಅಚ್ಚು ರಥವೇ, ನೊಗವು ರಥವೇ ಎಂದು ಒಂದೊಂದನ್ನೂ ಕೇಳಿ, ಯಾವುದೂ ಅಲ್ಲವೆಂದಾದಮೇಲೆ, ಇವುಗಳ ಸೇರುವೆಗೆ ಜನರು ಇಟ್ಟ ಹೆಸರೇ ರಥವೆಂದು ಒಪ್ಪಿಸುವನು. ವಸ್ತಾರೆಯ ಯಜಮಾನನ ಎಂಜಿನ್ನಿಗೂ ಈ ನ್ಯಾಯವು ಹೊಂದುವುದು. ಗಾಲಿ ಸಿಲಿಂಡರುಗಳು ಕಾರ್ಖಾನೆಯವು, ಗೂಡು ತೊಟ್ಟಿಗಳು ಅವನವು, ಹೆಸರು ತರೀಕೆರೆಯದು. ಸೇರುವೆಯು ಹೊಸದಾದುದರಿಂದ ಹೊಸ ಹೆಸರಿಗೆ ಅದು ಅರ್ಹವೇ. ಆದರೆ ಸೇರಿಸಿದವನು ಭಾಗಗಳನ್ನು ತಾನೇ ಹುಟ್ಟಿಸಿದವನಲ್ಲ. “ಎಲ್ಲವೂ ನನ್ನ ಕೈಯದೇ” ಎಂದು ಅತಿಥಿಗಳ ಮುಂದೆ ಹೇಳಿಕೊಂಡರೆ, ಕಾಣದ ಊರಿನಲ್ಲಿ ಆ ಸಿಲಿಂಡರನ್ನು ಕೊರೆದ ಕೆಲಸಗಾರನ ಪಾಲನ್ನು ಕದ್ದಂತಾಗುವುದು.

ಮಾರ್ಪಾಟಿಗೆ ಇನ್ನೊಂದು ಎಲ್ಲೆಯೂ ಉಂಟು. ಸಾವಿರಗಟ್ಟಲೆ ಮಾಡಿ ಮಾರಿದ ಆಟಿಕೆಯನ್ನು ಕೊಯ್ದರೆ ಲೋಕಕ್ಕೆ ನಷ್ಟವಿಲ್ಲ. ಆದರೆ ಹಿಂದಿನ ತಲೆಮಾರಿನವನೊಬ್ಬನು ಕೈಯಾರೆ ಮಾಡಿದ ಒಂದೇ ಒಂದು ಎಂಜಿನ್ನು ಕೈಗೆ ಬಂದಾಗ, ಅದರ ತಪ್ಪುಗಳನ್ನು ತಿದ್ದುತ್ತೇನೆಂದು ಅರವನ್ನು ಎತ್ತುವವನು ಒಂದು ಗಳಿಗೆ ತಡೆಯಬೇಕು. ಅದರ ಓರೆಕೋರೆಗಳೂ ಒಬ್ಬ ಮನುಷ್ಯನ ಕೈಬರಹವೇ. ತಿದ್ದುವುದೇ ಆದರೆ, ಬಿಚ್ಚಿ ಮೊದಲಿನಂತೆ ಮಾಡಲು ಬರುವಷ್ಟನ್ನೇ ತಿದ್ದುವುದು ವಿವೇಕ.

ಈಗ ಮೊಮ್ಮಗಳ ಪ್ರಶ್ನೆಗೆ ತಿರುಗಬಹುದು. ಇಲ್ಲದ ದಾರಿಯನ್ನು ಕಟ್ಟುವುದು ಅಪರಾಧವೇ? ಅಪರಾಧವೆಂದರೆ ಕಾವ್ಯವೆಲ್ಲವೂ ಅಪರಾಧವಾಗಬೇಕು. ನಡೆಯದ ಕಥೆಯನ್ನು ಕವಿಯು ಹೇಳುವನು, ಸಹೃದಯನು ಕೇಳುವನು. ಇಬ್ಬರಿಗೂ ಅದು ತಿಳಿದಿರುವುದರಿಂದ ಅಲ್ಲಿ ವಂಚನೆಯಿಲ್ಲ. ಘಟ್ಟದ ತಿರುವುಗಳಲ್ಲಿ ಎರಡಡಿಯ ಕಂಬಿ ಹೇಗೆ ಏರುತ್ತಿತ್ತು, ಯಾವ ಹಳ್ಳಕ್ಕೆ ಸೇತುವೆ ಬೇಕಾಗುತ್ತಿತ್ತು, ಮಳೆಗಾಲದಲ್ಲಿ ಎಲ್ಲಿ ಮಣ್ಣು ಕುಸಿಯುತ್ತಿತ್ತು ಎಂದು ಲೆಕ್ಕಹಾಕಿ ಕಟ್ಟಿದ ಕಲ್ಪನೆಯು ಊರನ್ನು ಕುರಿತ ಒಂದು ಬಗೆಯ ಪ್ರೀತಿಯೇ ಆಗಿದೆ. ಅದರೊಳಗೆ, ಹತ್ತಿರದ ಕಡೂರಿನವರೆಗೆ ಬಂದು ನಿಂತುಹೋದ ರೈಲಿಗಾಗಿ ಮಲೆನಾಡಿನ ಜನರು ತಲೆಮಾರುಗಳವರೆಗೆ ಕಾದ ಕೊರಗೂ ಇದೆ.

ಆದರೆ ಮಗುವಿಗೆ ಆ ಒಪ್ಪಂದವು ತಿಳಿಯದು. ಅವಳು ಕೇಳಿದುದು ಕಥೆಯನ್ನಲ್ಲ, ನಡೆದುದನ್ನು. ಅಲ್ಲಿ ಅಜ್ಜನು, ಅವಳ ಸಂತೋಷವನ್ನು ಕೆಡಿಸಬಾರದೆಂಬ ಮಮತೆಯಿಂದ “ಬರುತ್ತಿತ್ತು” ಎಂದುಬಿಟ್ಟರೆ ಆಗುವ ಹಾನಿ ಏನು? ಅವಳ ಮನಸ್ಸಿನಲ್ಲಿ ಒಂದು ರೈಲು ಹುಟ್ಟುವುದು. ಅದಕ್ಕೆ ಎಡೆಮಾಡಿಕೊಡಲು ಬೇರೊಂದು ಅಳಿಯಬೇಕಾಗುವುದು. ರೈಲಿಲ್ಲದ ಆ ಕಾಲದಲ್ಲಿ ಕಾಫಿಯ ಮೂಟೆಗಳು ತಾವಾಗಿಯೇ ಪೇಟೆಗೆ ಹೋಗಲಿಲ್ಲ. ಎತ್ತಿನ ಗಾಡಿಗಳು ಅವನ್ನು ಹೊತ್ತವು. ಗಾಡಿಯ ಪಕ್ಕದಲ್ಲಿ ಮನುಷ್ಯರು ನಡೆದರು. ಏರಿನಲ್ಲಿ ಗಾಲಿಗೆ ಹೆಗಲು ಕೊಟ್ಟರು. ಇಲ್ಲದ ಎಂಜಿನ್ನಿನ ಹೊಗೆಯು ಇದ್ದ ಮನುಷ್ಯರ ಮುಖವನ್ನು ಮರೆಸುವುದು. ಅವರ ಪ್ರತಿಕೃತಿಯನ್ನು ಹಿತ್ತಾಳೆಯಲ್ಲಿ ಕಟ್ಟುವವರು ವಿರಳ. ಅವರ ಪರವಾಗಿ ಉಳಿದಿರುವುದು ಇಂತಹ ಮನೆಗಳಲ್ಲಿ ಹಿರಿಯರು ಆಡುವ ನಿಜವಾದ ಮಾತೊಂದೇ.

ಆದುದರಿಂದ ಪ್ರತಿಕೃತಿಯನ್ನು ಕಟ್ಟುವವನಿಗೆ ಮೂರು ಋಣಗಳಿವೆಯೆಂದು ಹೇಳಬಹುದು. ಮೂಲವನ್ನು ಬಲ್ಲಷ್ಟೂ ಅರಿತು ಬೇಕಾದಲ್ಲಿ ಮಾತ್ರ ಬಿಡುವುದು ವಸ್ತುವಿನ ಋಣ. ಭಾಗಗಳನ್ನು ಮಾಡಿದವರನ್ನು ಹೆಸರಿಸುವುದು ಕೆಲಸಗಾರರ ಋಣ. ಯಾವುದು ಇತ್ತು, ಯಾವುದನ್ನು ತಾನು ಸೇರಿಸಿದೆನೆಂದು ಕೇಳಿದವರಿಗೆ ಮರೆಮಾಚದೆ ಹೇಳುವುದು ನೋಡುವವರ ಋಣ. ಎಂಜಿನ್ನಿನ ಅಡಿಯಲ್ಲಿ ಒಂದಂಗುಲದ ತಗಡಿನ ಮೇಲೆ ಈ ಸಂಗತಿಗಳನ್ನು ಕೊರೆದಿಟ್ಟರೂ ಸಾಕು. ಮಾಡಿದವನು ಇಲ್ಲದ ಕಾಲದಲ್ಲಿಯೂ ಅದು ನಿಜವನ್ನು ನುಡಿಯುವುದು. ಇವು ಸಂದಮೇಲೆ ಕಲ್ಪನೆಗೆ ಯಾವ ಕಟ್ಟೂ ಬೇಕಿಲ್ಲ.

“ಬರುತ್ತಿರಲಿಲ್ಲ ಮಗು, ಬಂದಿದ್ದರೆ ಹೀಗಿರುತ್ತಿತ್ತೆಂದು ಮಾಡಿದೆ” ಎಂಬುದೇ ಅಜ್ಜನು ಹೇಳತಕ್ಕ ಉತ್ತರ. ಮಗು ಇದರಿಂದ ಕುಗ್ಗಿಹೋಗುವಳೆಂಬ ಭಯಕ್ಕೆ ಕಾರಣವಿಲ್ಲ. ಅವಳು ಮರುಕ್ಷಣವೇ, “ಹಾಗಾದರೆ ಕಾಫಿ ಹೇಗೆ ಹೋಗುತ್ತಿತ್ತು?” ಎಂದು ಕೇಳುವಳು. ಆಗ ಅಜ್ಜನು ಬೆಂಕಿಯನ್ನು ತಗ್ಗಿಸಿ, ಎಂಜಿನ್ನನ್ನು ‘ವಸ್ತಾರೆ’ಯ ಫಲಕದ ಬಳಿ ನಿಲ್ಲಿಸಿ, ಗಾಡಿಗಳ ಕಥೆಯನ್ನು ಆರಂಭಿಸಬಹುದು.