ಆರ್‌ಸಿಯಲ್ಲಿ ಇಲ್ಲದ ಕಾರು ಯಾರ ಲೆಕ್ಕಕ್ಕೆ?

ಮನೆಗೆ ನಾಲ್ಕು ಚಕ್ರದ ಗಾಡಿ ಒಂದೇ ಎಂದು ಜೈನ ಮುನಿಗಳ ಮುಂದೆ ಮಿತಿ ಹಾಕಿಕೊಂಡವಳು ನಾನು. ಪರಿಗ್ರಹ ಪರಿಮಾಣ ಅಣುವ್ರತ ಎಂದರೆ ಅಷ್ಟೇ. ಎಲ್ಲವನ್ನೂ ಬಿಡುವುದು ಮುನಿಗಳಿಗೆ, ಇಷ್ಟು ಸಾಕು ಅನ್ನುವುದು ನಮ್ಮಂಥ ಸಂಸಾರಿಗಳಿಗೆ. ಹೊಲ, ಮನೆ, ಬಂಗಾರ, ಗಾಡಿ ಎಲ್ಲಕ್ಕೂ ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು. ಗಾಡಿಯ ಸಾಲಿನಲ್ಲಿ ನಮ್ಮವರು ಬಿಟ್ಟುಹೋದ ಪೆಟ್ರೋಲ್ ಆಲ್ಟೊ ಇದೆ. ಕಾರ್ಕಳದಿಂದ ಮಂಗಳೂರಿನ ಆಸ್ಪತ್ರೆಗೆ ಹೋಗಿಬರುವುದು ಹೆಚ್ಚಾದ ಮೇಲೆ ಎಲೆಕ್ಟ್ರಿಕ್ ಕಾರಿನ ಮಾತು ಬಂತು. ಬೆಂಗಳೂರಿನಲ್ಲಿರುವ ಮಗ ತಟ್ಟನೆ ದಾರಿ ಹೇಳಿದ: "ಲೀಸ್‌ಗೆ ತಗೋ ಅಮ್ಮ. ಆರ್‌ಸಿ ಕಂಪನಿ ಹೆಸರಲ್ಲಿರುತ್ತೆ. ಆಲ್ಟೊನೂ ಇರ್ಲಿ, ನಿನ್ನ ವ್ರತಕ್ಕೂ ಭಂಗ ಇಲ್ಲ."

ಜಾಣ ಮಾತು. ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ರಿಟೈರ್ ಆದವಳಿಗೆ ಇಂಥ ಜಾಣತನ ಹೊಸದೇನಲ್ಲ. ಆಸ್ತಿಯನ್ನೆಲ್ಲ ಹೆಂಡತಿ ಹೆಸರಿಗೆ ಬರೆದು ನನಗೇನೂ ಇಲ್ಲ ಅಂದವರನ್ನು ಬೇಕಾದಷ್ಟು ಕಂಡಿದ್ದೇನೆ. ಆದರೂ ಪೆನ್ನು ಹಿಡಿದು ಲೆಕ್ಕ ಹಾಕದೆ ಯಾವುದನ್ನೂ ತಳ್ಳಿಹಾಕುವುದು ನನಗೆ ಒಗ್ಗದು.

ನನಗೆ ಸಿಕ್ಕ ಲೀಸ್ ದರ ತಿಂಗಳಿಗೆ 28,000 ರೂಪಾಯಿ, 36 ತಿಂಗಳು. ಒಟ್ಟು 10,08,000. ಇನ್ಶೂರೆನ್ಸ್, ಸರ್ವಿಸ್ ಅದರಲ್ಲೇ. ವರ್ಷದ ಕಿಲೋಮೀಟರ್ ಮಿತಿ ಮೀರಿದರೆ ಬೇರೆ ದುಡ್ಡು. ಕೊನೆಗೆ ಕೀಲಿಕೈ ವಾಪಸ್. ಇನ್ನೊಂದು ಕಡೆ 2021ರ ನೆಕ್ಸಾನ್ ಇವಿ, 30.2 ಕಿಲೋವ್ಯಾಟ್ ಅವರ್ ಬ್ಯಾಟರಿಯದು, 8 ಲಕ್ಷಕ್ಕೆ. ಮೂರು ವರ್ಷದ ಇನ್ಶೂರೆನ್ಸ್, ಟಯರು, ಸರ್ವಿಸ್ಸಿಗೆ 1,20,000 ಇಟ್ಟುಕೊಳ್ಳೋಣ. ಎಫ್‌ಡಿ ಮುರಿಸಿದ್ದರಿಂದ ಶೇ. 7ರ ಲೆಕ್ಕದಲ್ಲಿ ತಪ್ಪುವ ಬಡ್ಡಿ 1,68,000. ಆಮೇಲೆ ಮಾರಿದರೆ ಮೂರೂವರೆ ಲಕ್ಷ ಬಂದೀತು. ಅಲ್ಲಿಗೆ ನಿವ್ವಳ ಖರ್ಚು 7,38,000. ತೊಂದರೆ ಇರುವುದು ಆ ಮೂರೂವರೆ ಲಕ್ಷದಲ್ಲೇ. ಆ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ, ಅಂದರೆ 2029ಕ್ಕೆ ಮುಕ್ತಾಯ. ಆಮೇಲೆ ಯಾರು ಕೊಳ್ಳುತ್ತಾರೆ? ಯಾರೂ ಕೊಳ್ಳದೆ ಒಂದು ಕಾಸೂ ಹುಟ್ಟದಿದ್ದರೂ ಲೀಸಿಗಿಂತ 80,000 ಜಾಸ್ತಿ, ಅಷ್ಟೆ. ಈ ಸಾಲು ಬರೆದ ಮೇಲೆ ನನಗೆ ಸ್ಪಷ್ಟವಾಯಿತು: ಲೀಸ್ ಕಂಪನಿ ಮಾರುತ್ತಿರುವುದು ಕಾರನ್ನಲ್ಲ, ಬ್ಯಾಟರಿಯ ಭಯಕ್ಕೆ ಔಷಧಿಯನ್ನು.

ಭಯ ಕೂಡ ನಮ್ಮಲ್ಲಿ ಪರಿಗ್ರಹವೇ. ಹೊಲ, ಮನೆ, ಬಂಗಾರ ಹೊರಗಿನವು. ಒಳಗಿನವು ಹದಿನಾಲ್ಕು, ಅದರಲ್ಲಿ ಕ್ರೋಧ, ಲೋಭಗಳ ಜೊತೆಗೆ ಭಯವನ್ನೂ ಎಣಿಸಿದ್ದಾರೆ. ಹಾಗಿದ್ದರೆ ದುಡ್ಡು ಕೊಟ್ಟು ಭಯ ಕಳೆದುಕೊಂಡರೆ ಒಳ್ಳೆಯದೇ ಅಲ್ಲವೇ ಎಂದು ಮಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಆದರೆ ಮೂರು ವರ್ಷಕ್ಕೊಮ್ಮೆ ಹಳೆಯದನ್ನು ಕೊಟ್ಟು ಹೊಸದನ್ನು ಆರಿಸುವ ಏರ್ಪಾಟಿನಲ್ಲಿ ಭಯ ಹೋದ ಜಾಗಕ್ಕೆ ಲೋಭ ಬಂದು ಕೂರುತ್ತದೆ. ಮುಂದಿನ ಮಾಡೆಲ್ಲಿಗೆ ಸನ್‌ರೂಫ್ ಇದೆಯಂತೆ ಎಂದು ಅವನೇ ಆಗಲೇ ಹೇಳಿಯಾಗಿತ್ತು!

ತತ್ತ್ವಾರ್ಥಸೂತ್ರದ ಪ್ರಕಾರ ಮೂರ್ಛೆಯೇ ಪರಿಗ್ರಹ, ಅಂದರೆ ವಸ್ತುವಿಗೆ ಮನಸ್ಸು ಅಂಟಿ ಮೈಮರೆಯುವುದು. ಆರ್‌ಸಿ ಯಾರ ಹೆಸರಲ್ಲಿದೆ ಎಂದು ಅದು ಕೇಳುವುದಿಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವಂತೂ ಮಗನ ಜಾಣತನಕ್ಕೆ ಮೊದಲೇ ಬಾಗಿಲು ಹಾಕಿಟ್ಟಿದೆ. ಭೋಗೋಪಭೋಗ ಪರಿಮಾಣ ಎಂಬ ಇನ್ನೊಂದು ವ್ರತದಲ್ಲಿ ಊಟ, ಹಾಸಿಗೆ, ಸ್ನಾನದ ಜೊತೆಗೆ ವಾಹನಕ್ಕೂ ಮಿತಿ ಹಾಕಿಕೊಳ್ಳಬೇಕೆನ್ನುತ್ತದೆ. ಅಲ್ಲಿ ಪ್ರಶ್ನೆ ಒಡೆತನದ್ದಲ್ಲ, ಬಳಕೆಯದ್ದು. ಮಿತಿಯಲ್ಲೂ ಎರಡು ಬಗೆ: ಬದುಕಿರುವವರೆಗಿನದು ಯಮ, ಒಂದು ದಿನಕ್ಕೋ ಪಕ್ಷಕ್ಕೋ ತಿಂಗಳಿಗೋ ಋತುವಿಗೋ ಹಾಕಿಕೊಳ್ಳುವುದು ನಿಯಮ. ಗಡುವು ಕಟ್ಟಿಕೊಂಡು ಬಿಡುವುದು ಅವರಿಗೆ ಗೊತ್ತಿತ್ತು. ನಮ್ಮ ಕಾಲ ಗಡುವು ಕಟ್ಟಿಕೊಂಡು ಅನುಭವಿಸುವುದನ್ನು ಕಲಿತಿದೆ. 2024ರಲ್ಲಿ ಎಂಜಿ ವಿಂಡ್ಸರ್ ಬಂದಾಗ ಕಾರು ನಿಮ್ಮದು, ಬ್ಯಾಟರಿಗೆ ಮಾತ್ರ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬಾಡಿಗೆ ಎಂಬ ಸ್ಕೀಮು ಬಂತು. ಒಡೆತನವೇ ಹೀಗೆ ಹೋಳಾಗುವಾಗ ಕಾಗದ ನೋಡಿ ವ್ರತದ ಲೆಕ್ಕ ಹಾಕಿದರೆ ಆಯಿತು ಕಥೆ.

ಹಿಂಸೆಯ ಲೆಕ್ಕವೂ ಇದೆ. ಮಾಡುವುದು, ಮಾಡಿಸುವುದು, ಒಪ್ಪುವುದು ಮೂರರಲ್ಲೂ ನಮಗೆ ಪಾಲು. ಲೀಸಿಗೆ ನಾನು ಸಹಿ ಹಾಕಿದರೆ ಕಂಪನಿ ನನಗಾಗಿ ಹೊಸ ಕಾರು ತರಿಸುತ್ತದೆ. ಅದರ ಲಿಥಿಯಂ, ತಾಮ್ರದ ಗಣಿಗಾರಿಕೆ ನಾನು ಮಾಡಿಸಿದ್ದಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡರೆ ಮಾರಿದವನು ಹೊಸದಕ್ಕೆ ಹೋಗುತ್ತಾನಲ್ಲ ಅಂದರೆ, ಹೌದು, ಹೋಗಬಹುದು. ಪೂರ್ತಿ ಕೈತೊಳೆದುಕೊಳ್ಳುವ ದಾರಿ ಕಾರು ಕೊಳ್ಳುವವರಿಗೆ ಇಲ್ಲ. ಪಾಲು ಸಣ್ಣದಾಗುತ್ತದೆ, ಅಷ್ಟೆ.

ನನ್ನ ತೀರ್ಮಾನ ಇದು. ಲೀಸಿನ ಕಾರಾದರೂ ನೋಟ್‌ಬುಕ್ಕಿನಲ್ಲಿ ಒಂದು ಕಾರೇ. ಆದ್ದರಿಂದ ಆಲ್ಟೊ ಮಾರಿ, ನೆಕ್ಸಾನನ್ನು ನನ್ನ ಹೆಸರಿಗೇ ಮಾಡಿಸಿಕೊಂಡು, ಓಡುವಷ್ಟು ಕಾಲ ಓಡಿಸುವುದು. ನೀವೂ ಇದೇ ದಾರಿ ಹಿಡಿಯುವವರಾದರೆ ಎರಡು ಕಾಗದ ಕೇಳಿ ಪಡೆಯಿರಿ: ಸರ್ವಿಸ್ ಸೆಂಟರಿನ ಬ್ಯಾಟರಿ ಹೆಲ್ತ್ ರಿಪೋರ್ಟು, ಮತ್ತು ವಾರಂಟಿ ಎರಡನೇ ಒಡೆಯರಿಗೂ ಸಲ್ಲುತ್ತದೆ ಎಂಬ ಬರಹ. ಬಾಯಿಮಾತಿಗೆ ಅಡ್ವಾನ್ಸ್ ಕೊಡಬೇಡಿ.