ನೋಡುವ ಕಣ್ಣು

ವರ್ಗವಾಗಿ ಮುಂಬಯಿಗೆ ಬಂದ ಹೊಸತರಲ್ಲಿ ನಮ್ಮ ಮಗಳು, ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಬರೆಯುವ ತರಗತಿಯೊಂದನ್ನು ಹುಡುಕಿಕೊಂಡಳು. ಅಲ್ಲಿ ಕೆಲವೊಮ್ಮೆ ವಿವಸ್ತ್ರರಾಗಿಯೂ ಕೂರುವರೆಂದು ತಿಳಿದು ನಾವು ಹಿಂಜರಿದೆವು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರೂ ಇದೇ ನಗರದ ಜೆ. ಜೆ. ಕಲಾಶಾಲೆಯಲ್ಲಿ ಕಲಿತವರಲ್ಲವೇ ಎಂದು ಧೈರ್ಯ ತಂದುಕೊಂಡು, ಒಂದು ಭಾನುವಾರ ಜೊತೆಗೆ ಹೋದೆವು.

ಅಂದು ಕುಳಿತಿದ್ದವರು ಸೀರೆಯುಟ್ಟ ಒಬ್ಬ ಮುದುಕಿ. ಇಪ್ಪತ್ತು ನಿಮಿಷ ಅಲುಗಲಿಲ್ಲ. ಅದು ಅವರ ಹೊಟ್ಟೆಪಾಡು. ಮಕ್ಕಳು ಆ ಬಾಗಿದ ಬೆನ್ನನ್ನೂ ಗಂಟುಬಿದ್ದ ಬೆರಳುಗಳನ್ನೂ ಶ್ರದ್ಧೆಯಿಂದ ನೋಡಿ ಬರೆದರು.

ನಮಗೆ ನಾಚಿಕೆಯಾಯಿತು. ಕಛೇರಿಯ ಕಿಟಕಿಯಾಚೆ ನಿಂತ ಇಂಥ ಎಷ್ಟು ಮಂದಿಯನ್ನು ನಾವು ಕಡತದಿಂದ ತಲೆಯೆತ್ತದೆಯೇ ಕಳಿಸಿಲ್ಲ? ಹಾಗಾದರೆ ತಪ್ಪಿರುವುದು ನೋಡುವುದರಲ್ಲೋ, ನೋಡದಿರುವುದರಲ್ಲೋ?